ರಿಫರ್ಬಿಶ್ಡ್ ಎಸ್‌ಎಂಪಿಎಸ್ ಅರ್ಧ ಬೆಲೆಗೆ ಸಿಕ್ಕರೆ ಕೊಳ್ಳಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ರ‍್ಯಾಮ್ ಕೆಟ್ಟರೆ ರ‍್ಯಾಮ್ ಒಂದೇ ಹೋಗುತ್ತದೆ. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಪವರ್ ಸಪ್ಲೈ ಪೆಟ್ಟಿಗೆ) ಕೆಡಬಾರದ ರೀತಿಯಲ್ಲಿ ಕೆಟ್ಟರೆ ಮದರ್‌ಬೋರ್ಡು, ಹಾರ್ಡ್‌ಡಿಸ್ಕು, ಗ್ರಾಫಿಕ್ಸ್ ಕಾರ್ಡು ಎಲ್ಲವೂ ಅದರ ಜೊತೆಗೇ ಹೋಗಬಹುದು. ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾನಿಟರ್ ಕೊಳ್ಳುವಾಗಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನ ಅಂಗಡಿಯಲ್ಲಿ ನಿಂತು ಯೋಚಿಸುತ್ತಿರುವವರಿಗೂ ಆನ್‌ಲೈನ್ ರಿಯಾಯಿತಿ ನೋಡಿ ತಡವರಿಸುತ್ತಿರುವವರಿಗೂ ಈ ಉತ್ತರಗಳು.

ಒಂದೇ ಮಾತಲ್ಲಿ ಹೇಳಿ: ಕೊಳ್ಳಬಹುದೋ, ಬೇಡವೋ?

ತಯಾರಕ ಕಂಪನಿಯೇ ಪರೀಕ್ಷಿಸಿ ಮಾರುತ್ತಿರಬೇಕು, ಕನಿಷ್ಠ ಒಂದು ವರ್ಷದ ಲಿಖಿತ ವಾರಂಟಿ ಇರಬೇಕು, ಮೂಲ ಕೇಬಲ್‌ಗಳೆಲ್ಲ ಜೊತೆಗಿರಬೇಕು, ತಯಾರಾಗಿ ಐದು ವರ್ಷ ದಾಟಿರಬಾರದು. ಈ ನಾಲ್ಕೂ ಕೂಡಿ ಬಂದರೆ ಧೈರ್ಯವಾಗಿ ಕೊಳ್ಳಿ. ಒಂದು ತಪ್ಪಿದರೆ ಬೆಲೆ ಇನ್ನಷ್ಟು ಇಳಿಯಬೇಕು. ಎರಡು ತಪ್ಪಿದರೆ, ಮುಂದೆ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟು, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ರಿಫರ್ಬಿಶ್ಡ್, ಓಪನ್ ಬಾಕ್ಸ್, ಸೆಕೆಂಡ್ ಹ್ಯಾಂಡ್: ಎಲ್ಲ ಒಂದೇ ಅಲ್ಲವೇ?

ಅಲ್ಲ. ಆದರೆ ಮಾರುವವರು ಈ ಹೆಸರುಗಳನ್ನು ಮನಬಂದಂತೆ ಬಳಸುತ್ತಾರೆ. ಓಪನ್ ಬಾಕ್ಸ್ ಅಂದರೆ ಗಿರಾಕಿ ಪೆಟ್ಟಿಗೆ ತೆರೆದು ವಾಪಸ್ ಕೊಟ್ಟ ಮಾಲು, ಹೆಚ್ಚಿನಂಶ ಹೊಸದೇ. ಕಂಪನಿಯ ರಿಫರ್ಬಿಶ್ಡ್ ಅಂದರೆ ವಾರಂಟಿಯಲ್ಲಿ ವಾಪಸ್ ಬಂದದ್ದನ್ನು ಸರ್ವಿಸ್ ಸೆಂಟರಿನಲ್ಲಿ ಲೋಡ್ ಹಾಕಿ ಪರೀಕ್ಷಿಸಿ, ದೋಷವಿದ್ದರೆ ಸರಿಪಡಿಸಿ ಮತ್ತೆ ಪೆಟ್ಟಿಗೆಗೆ ಹಾಕಿದ್ದು. ಮೂರನೆಯದು ಆಫೀಸುಗಳು ಒಟ್ಟಿಗೆ ವಿಲೇವಾರಿ ಮಾಡಿದ ಕಂಪ್ಯೂಟರ್‌ಗಳಿಂದ ಬಿಚ್ಚಿದ ಮಾಲು. ಅದಕ್ಕೆ ಧೂಳು ಹೊಡೆಸಿ, ಕವರ್ ಒರೆಸಿ ‘ರಿಫರ್ಬಿಶ್ಡ್’ ಎಂದು ಚೀಟಿ ಹಚ್ಚಿರುತ್ತಾರೆ.

ಮಾರುವವರಿಗೆ ಮೂರು ಪ್ರಶ್ನೆ ಕೇಳಿ. ಪರೀಕ್ಷೆ ಮಾಡಿದವರು ಯಾರು? ಎಷ್ಟು ಲೋಡಿನಲ್ಲಿ, ಎಷ್ಟು ಹೊತ್ತು ಓಡಿಸಿದರು? ಒಳಗೆ ಏನಾದರೂ ಬದಲಿಸಿದ್ದಾರೆಯೇ? ‘ಆನ್ ಆಗುತ್ತೆ ಸಾರ್, ಫ್ಯಾನ್ ತಿರುಗುತ್ತೆ’ ಎಂಬುದಷ್ಟೇ ಉತ್ತರವಾದರೆ ಅದು ಸೆಕೆಂಡ್ ಹ್ಯಾಂಡ್ ಮಾಲು. ಸೆಕೆಂಡ್ ಹ್ಯಾಂಡ್ ಬೆಲೆಯನ್ನೇ ಕೊಡಿ. ಫ್ಯಾನ್ ತಿರುಗಲು ಒಂದೆರಡು ವ್ಯಾಟ್ ಸಾಕು. ಮುನ್ನೂರು ವ್ಯಾಟ್ ಎಳೆದಾಗ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಬೆಲೆ ಎಷ್ಟು ಇಳಿದಿದ್ದರೆ ನಿಜವಾಗಿ ಲಾಭ?

ರಿಯಾಯಿತಿಯ ಶೇಕಡಾವಾರು ನೋಡಬೇಡಿ. ಬೆಲೆಯನ್ನು ವಾರಂಟಿ ವರ್ಷಗಳಿಂದ ಭಾಗಿಸಿ. ಹೊಸ 550 ವ್ಯಾಟ್‌ನದು 4,000 ರೂಪಾಯಿ, ವಾರಂಟಿ ಐದು ವರ್ಷ ಎಂದುಕೊಳ್ಳಿ: ವರ್ಷಕ್ಕೆ 800 ರೂಪಾಯಿ ಬಿತ್ತು. ಅದೇ ಮಾದರಿಯ ರಿಫರ್ಬಿಶ್ಡ್ 2,200 ರೂಪಾಯಿ, ವಾರಂಟಿ ಆರು ತಿಂಗಳು ಎಂದಾದರೆ ಭರವಸೆ ಇರುವ ಅವಧಿಗೆ ವರ್ಷಕ್ಕೆ 4,400 ರೂಪಾಯಿ ಲೆಕ್ಕ. ವಾರಂಟಿ ಮುಗಿದ ಮೇಲೂ ಅದು ಓಡಬಹುದು, ನಿಜ. ಆದರೆ ಆ ಅಪಾಯ ಪೂರ್ತಿ ನಿಮ್ಮದು, ಮತ್ತು ಅಪಾಯದಲ್ಲಿರುವುದು 2,200 ರೂಪಾಯಿ ಮಾತ್ರ ಅಲ್ಲ. ಅದಕ್ಕೆ ಜೋಡಿಸಿದ ಇಡೀ ಕಂಪ್ಯೂಟರ್.

ನಮ್ಮ ಅಳತೆ ಹೀಗೆ: ಕಂಪನಿಯದೇ ರಿಫರ್ಬಿಶ್ಡ್, ಒಂದು ವರ್ಷಕ್ಕೆ ಮೇಲ್ಪಟ್ಟ ವಾರಂಟಿ ಇದ್ದರೆ ಹೊಸದರ ಬೆಲೆಯ ಶೇ. 65ರವರೆಗೆ ಕೊಡಬಹುದು. ಅಂಗಡಿಯವರ ಮೂರು ಅಥವಾ ಆರು ತಿಂಗಳ ವಾರಂಟಿಗೆ ಶೇ. 40 ದಾಟಬಾರದು. ‘ಟೆಸ್ಟಿಂಗ್ ವಾರಂಟಿ’ ಎಂದು ವಾರದ ಅವಧಿ ಕೊಡುವವರಿಗೆ ಕಾಲು ಭಾಗ, ಅದೂ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಕಂಪ್ಯೂಟರಿಗೆ ಮಾತ್ರ. ಹೋಲಿಸುವಾಗ ಹೊಸದರ ಇಂದಿನ ಮಾರುಕಟ್ಟೆ ಬೆಲೆ ಹಿಡಿಯಿರಿ, ಪೆಟ್ಟಿಗೆ ಮೇಲೆ ಮುದ್ರಿಸಿದ ಎಂಆರ್‌ಪಿ ಅಲ್ಲ. ಎಂಆರ್‌ಪಿ ಮೇಲೆ ‘ಶೇ. 60 ಕಡಿತ’ ಅಂದದ್ದು ಎಷ್ಟೋ ಸಲ ಹೊಸ ಮಾಲಿನ ಬೆಲೆಗೇ ಬಂದು ನಿಲ್ಲುತ್ತದೆ.

ನನಗೆ ಎಷ್ಟು ವ್ಯಾಟ್ ಬೇಕು?

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಗರಿಷ್ಠ ಎಷ್ಟು ಎಳೆಯುತ್ತವೆ ಎಂದು ಕೂಡಿಸಿ; ಮದರ್‌ಬೋರ್ಡು, ಡಿಸ್ಕು, ಫ್ಯಾನುಗಳಿಗೆ 60 ವ್ಯಾಟ್ ಸೇರಿಸಿ; ಬಂದ ಮೊತ್ತವನ್ನು ಒಂದೂವರೆಯಿಂದ ಗುಣಿಸಿ. ಕೋರ್ ಐ5-12400 ಗರಿಷ್ಠ 117 ವ್ಯಾಟ್, ಆರ್‌ಟಿಎಕ್ಸ್ 3060 ಕಾರ್ಡು 170 ವ್ಯಾಟ್, ಮೇಲೆ 60, ಒಟ್ಟು 347. ಒಂದೂವರೆ ಪಟ್ಟು ಅಂದರೆ ಸುಮಾರು 520. 550 ವ್ಯಾಟ್‌ನದು ಸರಿಹೋಗುತ್ತದೆ, ಎನ್‌ವಿಡಿಯಾ ಹೇಳುವುದೂ ಅಷ್ಟನ್ನೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆ ಕಂಪ್ಯೂಟರಿಗೆ ಒಳ್ಳೆಯ 300 ವ್ಯಾಟ್ ಧಾರಾಳ.

ರಿಫರ್ಬಿಶ್ಡ್ ಆದರೆ ಲೆಕ್ಕಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನೇ ಆರಿಸಿ. ಹಳೆಯ ಕೆಪಾಸಿಟರ್‌ಗಳು (ಚಾರ್ಜ್ ಕೂಡಿಟ್ಟುಕೊಳ್ಳುವ ಬಿಡಿಭಾಗಗಳು) ತಮ್ಮ ಮಿತಿಯ ಅಂಚಿನಲ್ಲಿ ದುಡಿಯುವುದು ಒಳ್ಳೆಯದಲ್ಲ.

ಲೇಬಲ್ಲಿನಲ್ಲಿ ಏನು ನೋಡಬೇಕು?

ದೊಡ್ಡಕ್ಷರದ ‘500 ವ್ಯಾಟ್’ ಬಿಟ್ಟು +12 ವೋಲ್ಟ್ ಸಾಲಿನ ಆಂಪಿಯರ್ ನೋಡಿ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ದುಡಿಯುವುದು 12 ವೋಲ್ಟ್‌ನಿಂದ. ಒಳ್ಳೆಯ 450 ವ್ಯಾಟ್‌ನದರಲ್ಲಿ 36 ಆಂಪಿಯರ್ ಇರುತ್ತದೆ: 36 × 12 = 432 ವ್ಯಾಟ್. ಅಗ್ಗದ ‘500 ವ್ಯಾಟ್’ ಲೇಬಲ್ಲಿನಲ್ಲಿ 12 ವೋಲ್ಟಿಗೆ 16 ಆಂಪಿಯರ್ ಎಂದಿದ್ದರೆ ನಿಜವಾಗಿ ಸಿಗುವುದು 192 ವ್ಯಾಟ್. ಉಳಿದದ್ದನ್ನು ಈಗ ಯಾರೂ ಹೆಚ್ಚು ಬಳಸದ 5 ಮತ್ತು 3.3 ವೋಲ್ಟ್ ಸಾಲುಗಳಲ್ಲಿ ತುಂಬಿರುತ್ತಾರೆ. 12ವಿ1, 12ವಿ2 ಎಂದು ಎರಡು ಸಾಲು ಇದ್ದರೆ ಅವನ್ನು ಕೂಡಿಸಬೇಡಿ. ಕೆಳಗೆ ಎರಡೂ ಸೇರಿ ಗರಿಷ್ಠ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ, ಅದೇ ಲೆಕ್ಕ.

ಇನ್‌ಪುಟ್ ಜಾಗದಲ್ಲಿ 100–240 ವೋಲ್ಟ್ ಎಂದಿದ್ದರೆ ಆ್ಯಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ವಿನ್ಯಾಸ ಎಂದು ಬಹುಮಟ್ಟಿಗೆ ತಿಳಿಯಬಹುದು. ಹಿಂದೆ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಹಳೆಯ ಕಾಲದ್ದು. ಎಷ್ಟು ಡಿಗ್ರಿಯಲ್ಲಿ ಪೂರ್ತಿ ವ್ಯಾಟ್ ಕೊಡುತ್ತದೆ ಎಂಬುದನ್ನೂ ಕೆಲವರು ಬರೆದಿರುತ್ತಾರೆ. 50 ಡಿಗ್ರಿ ಅಂದಿದ್ದರೆ ಒಳ್ಳೆಯದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 40 ಮುಟ್ಟಿದಾಗ ಕ್ಯಾಬಿನೆಟ್ ಒಳಗೆ ಇನ್ನೂ ಹೆಚ್ಚಿರುತ್ತದೆ.

80 ಪ್ಲಸ್ ಗೋಲ್ಡ್ ಇದ್ದರೆ ಕಣ್ಮುಚ್ಚಿ ತಗೋಬಹುದಾ?

ಆ ಬಿಲ್ಲೆ (80 ಪ್ಲಸ್ ಎಂಬುದು ದಕ್ಷತೆಯ ಪ್ರಮಾಣಪತ್ರ; ಬ್ರಾಂಜ್, ಗೋಲ್ಡ್ ಅದರ ದರ್ಜೆಗಳು) ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ರಕ್ಷಣಾ ಸರ್ಕ್ಯೂಟ್ ಸರಿಯಿದೆಯೇ, ಔಟ್‌ಪುಟ್ ಎಷ್ಟು ಸ್ವಚ್ಛವಾಗಿದೆ ಎಂಬುದು ಅದರಲ್ಲಿ ಇಲ್ಲ. ಪರೀಕ್ಷೆ ನಡೆಯುವುದು 23 ಡಿಗ್ರಿಯಲ್ಲಿ, ಹೊಸ ಮಾಲಿನ ಮೇಲೆ. ಉಳಿತಾಯವೂ ಅಂಥ ದೊಡ್ಡದಲ್ಲ: ಅರ್ಧ ಲೋಡಿನಲ್ಲಿ ಬ್ರಾಂಜ್ ಶೇ. 85, ಗೋಲ್ಡ್ ಶೇ. 90 ಎಂದಿಟ್ಟುಕೊಂಡರೆ 200 ವ್ಯಾಟ್ ಲೋಡಿಗೆ 13 ವ್ಯಾಟ್ ವ್ಯತ್ಯಾಸ. ದಿನಕ್ಕೆ ಆರು ಗಂಟೆ ಓಡಿಸಿದರೆ ವರ್ಷಕ್ಕೆ ಸುಮಾರು 29 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 200 ರೂಪಾಯಿ. ಎಂಟು ವರ್ಷ ಹಳೆಯ ಗೋಲ್ಡ್‌ಗಿಂತ ಹೊಸ ಬ್ರಾಂಜ್ ಮೇಲು ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ವಯಸ್ಸು ಅಷ್ಟು ಮುಖ್ಯವೇ? ಹಳೆಯದೇ ಗಟ್ಟಿ ಅಂತಾರಲ್ಲ?

ಮುಖ್ಯ. ಎಸ್‌ಎಂಪಿಎಸ್‌ನಲ್ಲಿ ಸವೆಯುವ ಭಾಗ ಎರಡು: ಫ್ಯಾನು ಮತ್ತು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು. ಕೆಪಾಸಿಟರ್ ಒಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತ ಹೋಗುತ್ತದೆ. ಶಾಖ 10 ಡಿಗ್ರಿ ಇಳಿದರೆ ಆಯಸ್ಸು ದುಪ್ಪಟ್ಟು ಎಂಬುದು ಈ ಕೆಲಸದವರೆಲ್ಲ ಬಳಸುವ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಎಂದು ನಮೂದಾದ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ ಎಂಟು ಗಂಟೆ ಓಡಿದರೆ ಅದು ಹತ್ತಿರ ಹತ್ತಿರ 11 ವರ್ಷ. ಹಗಲೂ ರಾತ್ರಿ ಓಡಿದರೆ ಮೂರೂವರೆ ವರ್ಷ ಚಿಲ್ಲರೆ. ಹೀಗಾಗಿ ‘ನಾಲ್ಕು ವರ್ಷ ಹಳೆಯದು’ ಎಂಬ ಮಾತು ಅರ್ಧ ಉತ್ತರವಷ್ಟೇ. ಎಲ್ಲಿ ಓಡುತ್ತಿತ್ತು ಎಂದು ಕೇಳಿ.

85 ಡಿಗ್ರಿಯ ಕೆಪಾಸಿಟರ್ ಆದರೆ ಆಯಸ್ಸು ಅದೇ ಲೆಕ್ಕದಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ. ನಿಪ್ಪಾನ್ ಕೆಮಿಕಾನ್, ರೂಬಿಕಾನ್, ನಿಚಿಕಾನ್, ಪ್ಯಾನಸೋನಿಕ್ ಹೆಸರು ಕಂಡರೆ ಒಳ್ಳೆಯ ಲಕ್ಷಣ.

ತಯಾರಿಯ ದಿನ ಲೇಬಲ್ಲಿನಲ್ಲಿ ಇಲ್ಲದಿದ್ದರೆ ಸೀರಿಯಲ್ ನಂಬರ್‌ನಲ್ಲಿ ಅಡಗಿರಬಹುದು. ಕೋರ್ಸೇರ್‌ನ ಅನೇಕ ಮಾದರಿಗಳಲ್ಲಿ ಮೊದಲ ನಾಲ್ಕು ಅಂಕಿ ವರ್ಷ ಮತ್ತು ವಾರ: 2045 ಅಂದರೆ 2020ರ 45ನೇ ವಾರ. ಸೀರಿಯಲ್ ಚೀಟಿ ಕಿತ್ತುಹಾಕಿದ ಮಾಲನ್ನು ಮುಟ್ಟಬೇಡಿ.

2013ಕ್ಕಿಂತ ಹಿಂದಿನದಕ್ಕೆ ಇನ್ನೊಂದು ತೊಡಕಿದೆ. ಆ ವರ್ಷ ಬಂದ ಇಂಟೆಲ್‌ನ ಹ್ಯಾಸ್ವೆಲ್ ಪ್ರೊಸೆಸರ್‌ಗಳು ಸ್ಲೀಪ್ ಸ್ಥಿತಿಯಲ್ಲಿ ಎಷ್ಟು ಕಡಿಮೆ ಕರೆಂಟ್ ಎಳೆಯುತ್ತವೆಂದರೆ, ಹಳೆಯ ವಿನ್ಯಾಸದ ಎಸ್‌ಎಂಪಿಎಸ್ ಲೋಡೇ ಇಲ್ಲವೆಂದು ಭಾವಿಸಿ ಹದ ತಪ್ಪಬಹುದು ಅಥವಾ ಬಂದ್ ಆಗಬಹುದು.

ಮೈನಿಂಗ್‌ನಲ್ಲಿ ಬಳಸಿದ 850, 1000 ವ್ಯಾಟ್‌ನವು ಅಗ್ಗಕ್ಕೆ ಸಿಗುತ್ತಿವೆ. ಹೇಗೆ?

ಮೈನಿಂಗ್ ಅಂದರೆ ಕಂಪ್ಯೂಟರ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ ಗ್ರಾಫಿಕ್ಸ್ ಕಾರ್ಡ್ ಮೈನಿಂಗ್ ಬಿಟ್ಟ ಮೇಲೆ ಇಂಥವು ರಾಶಿ ರಾಶಿ ಹೊರಬಂದವು. ವಿನ್ಯಾಸ ಸಾಮಾನ್ಯವಾಗಿ ಒಳ್ಳೆಯದೇ, ಆದರೆ ದಿನಕ್ಕೆ 24 ಗಂಟೆ ದುಡಿದಿವೆ. ಮೇಲಿನ ಲೆಕ್ಕದಂತೆ ಎರಡು ವರ್ಷ ಮೈನಿಂಗ್ ಅಂದರೆ ಮನೆಯ ಆರು ವರ್ಷದ ಬಳಕೆ. ಗ್ರಾಫಿಕ್ಸ್ ಕಾರ್ಡಿನ ಪ್ಲಗ್‌ಗಳನ್ನು ಒಂದೊಂದಾಗಿ ನೋಡಿ: ಪ್ಲಾಸ್ಟಿಕ್ ಹಳದಿಗಟ್ಟಿದ್ದರೆ, ಪಿನ್ ಸುತ್ತ ಕರಗಿದ ಗುರುತಿದ್ದರೆ ಬೇಡ. ಕಂಪನಿಯ ಹತ್ತು ವರ್ಷದ ವಾರಂಟಿ ಇನ್ನೂ ಉಳಿದಿದೆ, ಮೂಲ ಬಿಲ್ಲು ಕೊಡುತ್ತಾರೆ ಎಂದಾದರೆ ಮಾತ್ರ ಯೋಚಿಸಿ. ವಾರಂಟಿ ಎರಡನೆಯ ಮಾಲೀಕರಿಗೂ ನಡೆಯುತ್ತದೆಯೇ ಎಂದು ಸೀರಿಯಲ್ ನಂಬರ್ ಕೊಟ್ಟು ಕಂಪನಿಯಿಂದಲೇ ಮೊದಲು ಖಚಿತಪಡಿಸಿಕೊಳ್ಳಿ.

ಕೇಬಲ್ ಇಲ್ಲದ ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕುವ ಬಗೆಯ) ಎಸ್‌ಎಂಪಿಎಸ್ ಸಿಕ್ಕಿದೆ. ನನ್ನ ಹತ್ತಿರ ಬೇರೆ ಕೇಬಲ್ ಇದೆ, ಹಾಕಲೇ?

ಹಾಕಬೇಡಿ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಕೇಬಲ್ಲಿನ ಮದರ್‌ಬೋರ್ಡ್ ಕಡೆಯ ತುದಿಗೆ ಒಂದೇ ನಿಯಮವಿದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಒಂದು ಕಂಪನಿ 12 ವೋಲ್ಟ್ ಇಟ್ಟ ಪಿನ್ನಿನಲ್ಲಿ ಇನ್ನೊಂದು ಕಂಪನಿ 5 ವೋಲ್ಟ್ ಅಥವಾ ಗ್ರೌಂಡ್ ಇಟ್ಟಿರುತ್ತದೆ. ಪ್ಲಗ್ ಮಾತ್ರ ಸಲೀಸಾಗಿ ಕೂರುತ್ತದೆ. ಆನ್ ಮಾಡಿದ ಕ್ಷಣವೇ ಎಸ್‌ಎಸ್‌ಡಿಯ 5 ವೋಲ್ಟ್ ದಾರಿಗೆ 12 ವೋಲ್ಟ್ ನುಗ್ಗಿ ಡಿಸ್ಕು, ಅದರೊಳಗಿನ ಫೋಟೊ, ಕಡತ ಎಲ್ಲ ಹೋಗುತ್ತವೆ. ಒಂದೇ ಕಂಪನಿಯ ಎರಡು ಸರಣಿಗಳ ನಡುವೆಯೂ ವ್ಯತ್ಯಾಸ ಉಂಟು: ಕೋರ್ಸೇರ್‌ನ ಟೈಪ್ 3 ಮತ್ತು ಟೈಪ್ 4 ಕೇಬಲ್‌ಗಳಲ್ಲಿ 24 ಪಿನ್‌ನದು ಬೇರೆ ಬೇರೆ.

ಕೇಬಲ್ ಮೂಲದ್ದೇ ಎಂದು ಮಾರುವವರು ಹೇಳಿದರೂ ಅಳೆದು ನೋಡಿ. ಕಂಪ್ಯೂಟರಿಗೆ ಏನನ್ನೂ ಜೋಡಿಸದೆ ಎಸ್‌ಎಂಪಿಎಸ್ ಒಂದನ್ನೇ ಆನ್ ಮಾಡಿ (ವಿಧಾನ ಕೆಳಗಿದೆ), ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪವರ್ ಪ್ಲಗ್ ಅಳೆಯಿರಿ. ಅದರ ಹದಿನೈದು ಪಿನ್‌ಗಳಲ್ಲಿ 7–9 ಐದು ವೋಲ್ಟ್, 13–15 ಹನ್ನೆರಡು ವೋಲ್ಟ್, 4–6 ಮತ್ತು 10–12 ಗ್ರೌಂಡ್. ಎಲ್ಲ ತಂತಿ ಕಪ್ಪಾಗಿರುವ ಕೇಬಲ್‌ಗಳಲ್ಲಿ ಬಣ್ಣ ನೋಡಿ ಹೇಳಲಾಗದು, ಪಿನ್ ಎಣಿಸಿಯೇ ಅಳೆಯಬೇಕು.

ಇನ್ನೊಂದು ಎಚ್ಚರಿಕೆ: ಪ್ರೊಸೆಸರ್‌ನ ಎಂಟು ಪಿನ್ ಪ್ಲಗ್ಗೂ ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ ಪ್ಲಗ್ಗೂ ನೋಡಲು ಹೆಚ್ಚುಕಡಿಮೆ ಒಂದೇ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲು. ಬಿಗಿಯಾಗಿ ಒತ್ತಿ ಕೂರಿಸುವ ಪ್ರಸಂಗ ಬಂದರೆ ಅಲ್ಲಿಗೇ ನಿಲ್ಲಿಸಿ.

ಡೆಲ್, ಎಚ್‌ಪಿ, ಲೆನೊವೊ ಕಂಪ್ಯೂಟರ್‌ಗಳಿಂದ ಬಿಚ್ಚಿದವು ಹೇಗೆ?

ಅದೇ ಕಂಪ್ಯೂಟರಿಗೆ ಬೇಕಿದ್ದರೆ ಒಳ್ಳೆಯ ಆಯ್ಕೆ, ಎಷ್ಟೋ ಸಲ ಇರುವ ಒಂದೇ ಆಯ್ಕೆ. ಆಪ್ಟಿಪ್ಲೆಕ್ಸ್, ಥಿಂಕ್‌ಸೆಂಟರ್ ಮುಂತಾದವುಗಳ ಎಸ್‌ಎಂಪಿಎಸ್ ಆಕಾರವೇ ಬೇರೆ, ಹೊಸದು ಅಂಗಡಿಯಲ್ಲಿ ಸಿಗುವುದು ಕಷ್ಟ. ಗುಣಮಟ್ಟವೂ ಚೆನ್ನಾಗಿರುತ್ತದೆ. ಮಾದರಿ ಹೆಸರು ನೋಡಿ ಕೊಳ್ಳಬೇಡಿ, ಲೇಬಲ್ಲಿನ ಪಾರ್ಟ್ ನಂಬರ್ ತಾಳೆ ಹಾಕಿ: ಡೆಲ್‌ನಲ್ಲಿ ಡಿಪಿ/ಎನ್, ಎಚ್‌ಪಿಯಲ್ಲಿ ಸ್ಪೇರ್ ನಂಬರ್, ಲೆನೊವೊದಲ್ಲಿ ಎಫ್‌ಆರ್‌ಯು.

ಜೋಡಿಸಿದ ಸಾಮಾನ್ಯ ಕಂಪ್ಯೂಟರಿಗೆ ಇವು ಹೊಂದುವುದಿಲ್ಲ. ಇವುಗಳಲ್ಲಿ ಹಲವು ಬರೀ 12 ವೋಲ್ಟ್ ಕೊಡುತ್ತವೆ, 5 ಮತ್ತು 3.3 ವೋಲ್ಟನ್ನು ಮದರ್‌ಬೋರ್ಡೇ ಮಾಡಿಕೊಳ್ಳುತ್ತದೆ. 24 ಪಿನ್ ಪ್ಲಗ್ಗೂ ಇರುವುದಿಲ್ಲ.

ಅಂಗಡಿಯಲ್ಲೇ ನಿಂತು ಏನೇನು ಪರೀಕ್ಷಿಸಬಹುದು?

ಮೊದಲು ಕೈಯಲ್ಲಿ ಹಿಡಿದು ಅಲುಗಾಡಿಸಿ. ಒಳಗೆ ಏನಾದರೂ ಉರುಳಿದ ಸದ್ದು ಬಂದರೆ ಅದು ಬಿದ್ದ ಸ್ಕ್ರೂ ಅಥವಾ ಬೆಸುಗೆಯ ಚೂರು, ಶಾರ್ಟ್ ಆಗಲು ಅಷ್ಟು ಸಾಕು. ನಂತರ ಗಾಳಿ ಹೊರಬರುವ ಕಡೆ ಮೂಸಿ ನೋಡಿ. ಸುಟ್ಟ ವಾಸನೆ ಧೂಳು ಹೊಡೆದರೂ ಹೋಗುವುದಿಲ್ಲ.

ಮೊಬೈಲ್ ಟಾರ್ಚ್ ಹಾಕಿ ಜಾಲರಿಯೊಳಗೆ ಇಣುಕಿ. ಕೆಪಾಸಿಟರ್ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಬುಡದಲ್ಲಿ ಕಂದು ದ್ರವ ಒಸರಿದ್ದರೆ ಕಥೆ ಮುಗಿಯಿತು. ಬಿಡಿಭಾಗಗಳ ನಡುವೆ ಕಾಣುವ ಬಿಳಿ ಮುದ್ದೆ ಅಂಟು, ಅದಕ್ಕೆ ಗಾಬರಿ ಬೇಡ. ಅದೇ ಅಂಟು ಕಡುಕಂದು ಬಣ್ಣಕ್ಕೆ ತಿರುಗಿದ್ದರೆ ಬಹಳ ಬಿಸಿ ಕಂಡಿದೆ ಎಂದರ್ಥ. ಜಿರಳೆ ಹಿಕ್ಕೆ, ಇರುವೆ ಗೂಡು, ಒಣಗಿದ ಹಲ್ಲಿಮರಿ ನಮ್ಮ ಕಡೆಯ ಎಸ್‌ಎಂಪಿಎಸ್‌ಗಳಲ್ಲಿ ಅಪರೂಪವಲ್ಲ. ಇವು ಕಂಡರೆ ‘ರಿಫರ್ಬಿಶ್’ ಮಾಡಿದವರು ಕವರನ್ನೇ ತೆರೆದಿಲ್ಲ. ಕರಾವಳಿಯಲ್ಲಿ ಬಳಸಿದ್ದಾದರೆ ಸ್ಕ್ರೂ ತಲೆ, ಜಾಲರಿ, ಪಿನ್‌ಗಳ ಮೇಲೆ ತುಕ್ಕು ಅಥವಾ ಹಸಿರು ಪುಡಿ ಇದೆಯೇ ನೋಡಿ. ಹೊರಗೆ ಅಷ್ಟಿದ್ದರೆ ಒಳಗಿನ ಬೋರ್ಡಿನ ಮೇಲೂ ಇರುತ್ತದೆ.

ಫ್ಯಾನನ್ನು ಕಡ್ಡಿಯಿಂದ ಮೆಲ್ಲಗೆ ತಿರುಗಿಸಿ. ಸರಾಗವಾಗಿ ತಿರುಗಿ ನಿಧಾನಕ್ಕೆ ನಿಲ್ಲಬೇಕು. ಆನ್ ಮಾಡಿದಾಗ ಫ್ಯಾನ್ ತಿರುಗದಿದ್ದರೆ ಕೂಡಲೇ ಕೆಟ್ಟಿದೆ ಅನ್ನಬೇಡಿ, ಕಡಿಮೆ ಲೋಡಿನಲ್ಲಿ ಫ್ಯಾನ್ ನಿಲ್ಲಿಸುವ ಮಾದರಿಗಳಿವೆ.

ಅಂಗಡಿಯಲ್ಲಿ ಎಲ್‌ಸಿಡಿ ಇರುವ ಎಸ್‌ಎಂಪಿಎಸ್ ಟೆಸ್ಟರ್ ಇದ್ದರೆ ಹಾಕಿಸಿ. ‘ಪಿಜಿ’ (ಪವರ್ ಗುಡ್, ಅಂದರೆ ವೋಲ್ಟೇಜ್ ಸರಿಯಿದೆ ಎಂಬ ಸಂಕೇತ ಬರಲು ಹಿಡಿಯುವ ಸಮಯ) ಎಂಬ ಅಂಕಿ 100ರಿಂದ 500 ಮಿಲಿಸೆಕೆಂಡಿನೊಳಗೆ ಇರಬೇಕು. ಆದರೆ ಆ ಪೆಟ್ಟಿಗೆ ಹಾಕುವ ಲೋಡ್ ತೀರಾ ಅಲ್ಪ; ಕೆಟ್ಟದ್ದನ್ನು ಅದು ಹಿಡಿಯಬಲ್ಲದು, ಒಳ್ಳೆಯದೆಂದು ಪ್ರಮಾಣ ಕೊಡಲಾರದು.

ಮನೆಗೆ ತಂದ ಮೇಲೆ ಮಲ್ಟಿಮೀಟರ್‌ನಲ್ಲಿ ಹೇಗೆ ಅಳೆಯುವುದು?

ಕಂಪ್ಯೂಟರಿಗೆ ಜೋಡಿಸುವ ಮೊದಲೇ ಅಳೆಯಿರಿ.

1. ಎಸ್‌ಎಂಪಿಎಸ್ ಸ್ವಿಚ್ ಆಫ್ ಇರಲಿ, ಪ್ಲಗ್ ತೆಗೆದಿರಲಿ. ಮೀಟರನ್ನು ಓಮ್ಸ್‌ಗೆ ಇಟ್ಟು, ಪವರ್ ಕಾರ್ಡಿನ ಮೂರನೇ (ಅರ್ಥ್) ಪಿನ್ನಿಗೂ ಎಸ್‌ಎಂಪಿಎಸ್ ಲೋಹದ ಮೈಗೂ ನಡುವೆ ಅಳೆಯಿರಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ.
2. 24 ಪಿನ್ ಪ್ಲಗ್‌ನಲ್ಲಿ ಹಸಿರು ತಂತಿಯನ್ನೂ (16ನೇ ಪಿನ್) ಪಕ್ಕದ ಕಪ್ಪು ತಂತಿಯನ್ನೂ ಒಂದು ಪೇಪರ್ ಕ್ಲಿಪ್‌ನಿಂದ ಸೇರಿಸಿ. ಒಂದು ಹಳೆಯ ಹಾರ್ಡ್‌ಡಿಸ್ಕನ್ನು ಲೋಡಿಗೆಂದು ಹಾಕಿ. ಅದರಲ್ಲಿ ಬೇಕಾದ್ದೇನೂ ಇರಬಾರದು.
3. ಕರೆಂಟ್ ಕೊಟ್ಟು, ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಮೊನೆಯನ್ನು ಕಪ್ಪು ತಂತಿಗೆ ಹಿಡಿದು ಒಂದೊಂದೇ ಅಳೆಯಿರಿ.

ಹಳದಿ ತಂತಿ 11.40ರಿಂದ 12.60, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.46, ನೇರಳೆ 4.75ರಿಂದ 5.25 ವೋಲ್ಟಿನೊಳಗೆ ಇರಬೇಕು. ನೀಲಿ ಮೈನಸ್ 10.8ರಿಂದ ಮೈನಸ್ 13.2. ಬೂದು ತಂತಿಯಲ್ಲಿ ಸುಮಾರು 5 ವೋಲ್ಟ್ ಬಂದು ನಿಲ್ಲಬೇಕು.

ನೇರಳೆ ತಂತಿಗೆ ಹೆಚ್ಚು ಗಮನ ಕೊಡಿ. ಅದು ಸ್ಟ್ಯಾಂಡ್‌ಬೈ 5 ವೋಲ್ಟ್. ಕಂಪ್ಯೂಟರ್ ಆಫ್ ಇದ್ದಾಗಲೂ ಗೋಡೆಯ ಸ್ವಿಚ್ ಆನ್ ಇರುವಷ್ಟು ಕಾಲ ದುಡಿಯುತ್ತದೆ, ಆ ಹೊತ್ತಿನಲ್ಲಿ ಫ್ಯಾನಿನ ಗಾಳಿಯೂ ಅದಕ್ಕಿಲ್ಲ. ಹಾಗಾಗಿ ಹಳೆಯ ಎಸ್‌ಎಂಪಿಎಸ್‌ನಲ್ಲಿ ಅದರ ಕೆಪಾಸಿಟರ್ ಬೇಗ ಸೋಲುತ್ತದೆ. ಬೆಳಿಗ್ಗೆ ಬಟನ್ ಒತ್ತಿದರೆ ಆನ್ ಆಗದೆ, ನಾಲ್ಕೈದು ಸಲ ಒತ್ತಿದ ಮೇಲೆ ಆಗುವ ಕಾಯಿಲೆಯ ಮೂಲ ಅನೇಕ ವೇಳೆ ಇಲ್ಲೇ.

ಲೋಡ್ ಹಾಕಿ ನೋಡಲು ಅಗ್ಗದ ಉಪಾಯ ಇದೆಯೇ?

ಕಾರಿನ ಎಚ್4 ಹ್ಯಾಲೊಜೆನ್ ಬಲ್ಬ್. 12 ವೋಲ್ಟಿನಲ್ಲಿ 55 ವ್ಯಾಟ್, ಅಂದರೆ ನಾಲ್ಕೂವರೆ ಆಂಪಿಯರ್ ಚಿಲ್ಲರೆ ಎಳೆಯುತ್ತದೆ. ಎರಡು ಬಲ್ಬನ್ನು ಎರಡು ಬೇರೆ ಬೇರೆ ಮೊಲೆಕ್ಸ್ (ದೊಡ್ಡ ನಾಲ್ಕು ಪಿನ್ನಿನ) ಕೇಬಲ್‌ಗಳ ಹಳದಿ-ಕಪ್ಪು ತಂತಿಗಳಿಗೆ ಜೋಡಿಸಿದರೆ 110 ವ್ಯಾಟ್ ಲೋಡ್ ಸಿಕ್ಕಿತು. ತಣ್ಣಗಿನ ಬಲ್ಬ್ ಮೊದಲ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಒಳ್ಳೆಯ ಎಸ್‌ಎಂಪಿಎಸ್ ಕೂಡ ರಕ್ಷಣೆಗೆಂದು ಬಂದ್ ಆಗಬಹುದು; ಒಂದು ಹತ್ತಿದ ಮೇಲೆ ಇನ್ನೊಂದು ಸೇರಿಸಿ. ಗಾಜು ಕೈ ಸುಡುವಷ್ಟು ಕಾಯುತ್ತದೆ, ಇಟ್ಟಿಗೆ ಅಥವಾ ಹೆಂಚಿನ ಮೇಲೆ ಇಡಿ.

ಅರ್ಧ ಗಂಟೆ ಬಿಟ್ಟು 12 ವೋಲ್ಟನ್ನು ಮತ್ತೆ ಅಳೆಯಿರಿ. ಶುರುವಿನಲ್ಲಿ 12.1 ಇದ್ದದ್ದು 12.0ಕ್ಕೆ ನಿಂತರೆ ಸರಿ. ನಿಧಾನವಾಗಿ ಇಳಿಯುತ್ತಲೇ ಹೋದರೆ ವಾಪಸ್ ಕೊಡಿ. ಹಳೆಯ ವಿನ್ಯಾಸಗಳಲ್ಲಿ 12 ಮತ್ತು 5 ವೋಲ್ಟ್ ಒಟ್ಟಿಗೆ ನಿಯಂತ್ರಣವಾಗುವುದರಿಂದ, 12ರ ಮೇಲೆ ಮಾತ್ರ ಭಾರ ಹಾಕಿದಾಗ 5 ಸ್ವಲ್ಪ ಏರುವುದು ಸಹಜ. 5.25 ದಾಟಬಾರದು, ಅಷ್ಟೇ.

ಔಟ್‌ಪುಟ್‌ನ ರಿಪಲ್ (ಡಿಸಿ ವೋಲ್ಟೇಜಿನಲ್ಲಿ ಉಳಿಯುವ ಸಣ್ಣ ಏರಿಳಿತ) 12 ವೋಲ್ಟಿನಲ್ಲಿ 120 ಮಿಲಿವೋಲ್ಟ್, 5 ಮತ್ತು 3.3ರಲ್ಲಿ 50 ಮಿಲಿವೋಲ್ಟ್ ಮೀರಬಾರದು. ಇದನ್ನು ಆಸಿಲೋಸ್ಕೋಪ್‌ನಿಂದಲೇ ನೋಡಬೇಕು, ಸಾದಾ ಮೀಟರಿನ ಎಸಿ ಅಂಕಿಯನ್ನು ನಂಬಬೇಡಿ. ಹತ್ತಿರದ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಗುರುತಿನವರಿದ್ದರೆ ಹತ್ತು ನಿಮಿಷದ ಕೆಲಸ.

ಮನೆಯಲ್ಲಿ ಇನ್ವರ್ಟರ್ ಇದೆ. ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಎಸ್‌ಎಂಪಿಎಸ್ ದೋಷವೇ?

ಇರಬಹುದು. ಕರೆಂಟ್ ಹೋದ ಕ್ಷಣದಿಂದ ಇನ್ವರ್ಟರ್ ಹಿಡಿದುಕೊಳ್ಳುವವರೆಗೆ ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರ್ ತನ್ನಲ್ಲಿ ಕೂಡಿಟ್ಟದ್ದರಿಂದ ಓಡಿಸಬೇಕು. ಇದಕ್ಕೆ ಕಂಪ್ಯೂಟರ್ ಪವರ್ ಸಪ್ಲೈಗಳ ಎಟಿಎಕ್ಸ್ ಮಾನದಂಡ ಕೇಳುವುದು ಸುಮಾರು 16 ಮಿಲಿಸೆಕೆಂಡ್; ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಆವರ್ತವೇ 20 ಮಿಲಿಸೆಕೆಂಡ್. ಕೆಪಾಸಿಟರ್ ಹಳತಾದಂತೆ ಈ ಅವಧಿ ಕುಗ್ಗುತ್ತದೆ. ಹೊಸದಿದ್ದಾಗ ಕರೆಂಟ್ ಹೋದರೂ ಮಿಸುಕದ ಕಂಪ್ಯೂಟರ್ ಈಗ ರೀಸ್ಟಾರ್ಟ್ ಆಗುತ್ತಿದ್ದರೆ ಅದು ವಯಸ್ಸಿನ ಸ್ಪಷ್ಟ ಗುರುತು.

ಮೊದಲು ಇನ್ವರ್ಟರ್ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆ ಇದೆಯೇ ನೋಡಿ. ಇನ್ನೊಂದು ಕಡೆ ಇದ್ದರೆ ಬದಲಾವಣೆ ನಿಧಾನ. ಸ್ಕ್ವೇರ್ ವೇವ್ ಇನ್ವರ್ಟರ್ ಜೊತೆ ಆ್ಯಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್ ಝುಂಯ್‌ಗುಟ್ಟಬಹುದು, ಬಂದ್ ಆಗಲೂಬಹುದು. ಪ್ಯೂರ್ ಸೈನ್ ವೇವ್‌ನದೇ ಬೇಕು. ವಾಪಸ್ ಮಾಡುವ ಅವಧಿಯೊಳಗೇ ಇದನ್ನು ಪರೀಕ್ಷಿಸಿ: ಕಂಪ್ಯೂಟರಿಗೆ ಭಾರದ ಕೆಲಸ ಕೊಟ್ಟು, ತೆರೆದ ಕಡತ ಉಳಿಸಿ, ಮೇನ್ ಆಫ್ ಮಾಡಿ. ನಾಲ್ಕೈದು ಸಲ ಮಾಡಿದರೂ ರೀಸ್ಟಾರ್ಟ್ ಆಗಬಾರದು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ.

ಬಹುತೇಕ ಅದು ಮನೆಯ ಅರ್ಥಿಂಗ್ ದೋಷ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಜೋಡಿಸಿಕೊಂಡಿರುತ್ತವೆ. ಅರ್ಥ್ ಇಲ್ಲದಿದ್ದರೆ ಮೈಯಲ್ಲಿ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಕರೆಂಟ್ ತೀರಾ ಕಡಿಮೆ, ಹಾಗಾಗಿ ಬರೀ ಜುಮ್. ಎಸ್‌ಎಂಪಿಎಸ್ ಬದಲಿಸುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್‌ನ ಅರ್ಥ್ ನೋಡಿಸಿ. ಜೋರಾಗಿ ಹೊಡೆದರೆ ಮಾತ್ರ ಎಸ್‌ಎಂಪಿಎಸ್ ಒಳಗೆ ಸೋರಿಕೆ ಇದೆ, ಕೂಡಲೇ ಬಿಚ್ಚಿ.

ಅಮೆರಿಕದಲ್ಲಿರುವ ಅಣ್ಣ ರಿಫರ್ಬಿಶ್ಡ್ ಒಂದನ್ನು ತರುತ್ತೇನೆ ಅನ್ನುತ್ತಿದ್ದಾರೆ. ಇಲ್ಲಿ ನಡೆಯುತ್ತದೆಯೇ?

ಲೇಬಲ್ಲಿನ ಫೋಟೊ ಮೊದಲು ತರಿಸಿಕೊಳ್ಳಿ. 100–240 ವೋಲ್ಟ್ ಎಂದಿದ್ದರೆ ನಡೆಯುತ್ತದೆ. 115 ವೋಲ್ಟ್ ಮಾತ್ರ ಎಂದಿದ್ದರೆ ಬೇಡ. ಕೆಂಪು ಸ್ವಿಚ್ ಇರುವುದಾದರೆ ಪ್ಲಗ್ ಹಾಕುವ ಮೊದಲು 230ಕ್ಕೆ ಸರಿಸಲೇಬೇಕು. 115ರಲ್ಲೇ ಬಿಟ್ಟು ನಮ್ಮ ಕರೆಂಟ್ ಕೊಟ್ಟರೆ ಢಬ್ ಎಂದು ಒಳಗಿನ ವ್ಯಾರಿಸ್ಟರ್, ಫ್ಯೂಸು ಸಿಡಿಯುತ್ತವೆ. ಪವರ್ ಕಾರ್ಡ್ ಇಲ್ಲಿಯದೇ ಮೂರು ಪಿನ್ನಿನದನ್ನು ಕೊಳ್ಳಿ. ಅಲ್ಲಿಯ ಕಾರ್ಡಿಗೆ ಎರಡು ಪಿನ್ ಅಡಾಪ್ಟರ್ ಸಿಕ್ಕಿಸಿದರೆ ಅರ್ಥಿಂಗ್ ತಪ್ಪುತ್ತದೆ. ಅಲ್ಲಿಯ ರಿಫರ್ಬಿಶ್ಡ್ ವಾರಂಟಿ ಇಲ್ಲಿ ನಡೆಯುತ್ತದೆ ಎಂದು ಎಣಿಸಬೇಡಿ. ಕೆಟ್ಟರೆ ಕೊರಿಯರ್ ಖರ್ಚೇ ಹೊಸದರ ಹತ್ತಿರ ಬರುತ್ತದೆ.

ಕಂಪನಿಯೇ ವಾಪಸ್ ಕರೆದ ಮಾದರಿಗಳು ಮತ್ತೆ ಮಾರುಕಟ್ಟೆಗೆ ಬರುತ್ತವೆಯೇ?

ಬರಬಹುದು, ಅದಕ್ಕೇ ಮಾದರಿ ಹೆಸರನ್ನು ಮೊದಲು ಹುಡುಕಿ. 2021ರ ಆಗಸ್ಟ್‌ನಲ್ಲಿ ಗಿಗಾಬೈಟ್ ತನ್ನ ಜಿಪಿ-ಪಿ750ಜಿಎಂ ಮತ್ತು ಜಿಪಿ-ಪಿ850ಜಿಎಂ ಮಾದರಿಗಳ ಕೆಲವು ಸೀರಿಯಲ್ ನಂಬರ್‌ಗಳಿಗೆ ಬದಲಿ ಕೊಡುವುದಾಗಿ ಪ್ರಕಟಿಸಿತು. ಲೋಡ್ ತೀರಾ ಹೆಚ್ಚಾಗುವವರೆಗೂ ಅತಿಲೋಡಿನ ರಕ್ಷಣೆ ಕೆಲಸ ಮಾಡದಿದ್ದುದು ಅಲ್ಲಿನ ವಿಷಯ. ಕೋರ್ಸೇರ್ ಕೂಡ 2020ರಲ್ಲಿ ತನ್ನ ಎಸ್‌ಎಫ್ ಸರಣಿಯ ಕೆಲವು ಲಾಟ್‌ಗಳನ್ನು ಬದಲಿಸಿಕೊಟ್ಟಿತು. ಇಂಥ ಮಾದರಿ ಸಿಕ್ಕರೆ ಸೀರಿಯಲ್ ನಂಬರನ್ನು ಕಂಪನಿಯ ಪಟ್ಟಿಯೊಂದಿಗೆ ತಾಳೆ ನೋಡಿ.

ನಾನೇ ತೆರೆದು ಕೆಪಾಸಿಟರ್ ಬದಲಿಸಿಕೊಂಡರೆ?

ಬೇಡ. ಒಳಗಿನ ದೊಡ್ಡ ಕೆಪಾಸಿಟರ್ 400 ವೋಲ್ಟ್ ದರ್ಜೆಯದು, ಪ್ಲಗ್ ತೆಗೆದ ಮೇಲೂ ಅದರಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಎಷ್ಟೋ ದೋಷಗಳು ಕೆಪಾಸಿಟರ್‌ನಲ್ಲಿ ಇರುವುದೂ ಇಲ್ಲ. ಫ್ಯೂಸ್ ಹೋಗಿದೆ ಎಂದು ಫ್ಯೂಸ್ ಮಾತ್ರ ಬದಲಿಸಿ ಮಾರುವವರಿಂದಲೂ ದೂರ ಇರಿ: ಒಳಗಿನ ಫ್ಯೂಸ್ ಸುಮ್ಮನೆ ಹೋಗುವುದಿಲ್ಲ, ಅದಕ್ಕೂ ಮೊದಲು ಯಾವುದೋ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುತ್ತದೆ.

ಬಿಲ್ಲು ಬೇಡ ಅಂದರೆ ಇನ್ನೂ ಕಡಿಮೆ ಮಾಡಿಕೊಡುತ್ತಾರಂತೆ.

ಜಿಎಸ್‌ಟಿ ಶೇ. 18 ಉಳಿಯುತ್ತದೆ, ವಾರಂಟಿ ಪೂರ್ತಿ ಹೋಗುತ್ತದೆ. ಬಿಲ್ಲಿನಲ್ಲಿ ಮಾದರಿ, ಸೀರಿಯಲ್ ನಂಬರ್, ‘ರಿಫರ್ಬಿಶ್ಡ್’ ಎಂಬ ಪದ, ವಾರಂಟಿಯ ತಿಂಗಳು ಇಷ್ಟೂ ಬರೆಸಿಕೊಳ್ಳಿ. ವಾರಂಟಿ ಅಂದರೆ ಬದಲಿ ಕೊಡುವುದೋ ರಿಪೇರಿಯೋ ಎಂಬುದನ್ನೂ ಬರೆಸಿ. ಬಿಲ್ಲು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು.

ಎಲ್ಲ ಸರಿಯಿದೆ, ಜೋಡಿಸಿದ್ದೇನೆ. ಮೊದಲ ವಾರ ಏನು ಮಾಡಲಿ?

ಮುಖ್ಯ ಕಡತಗಳ ಬ್ಯಾಕಪ್ ತೆಗೆದು ಹೊರಗಿಡಿ. ಓಸಿಸಿಟಿ ತಂತ್ರಾಂಶದ ಪವರ್ ಪರೀಕ್ಷೆಯನ್ನು ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ ಓಡಿಸಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಒಟ್ಟಿಗೆ ಎಳೆಯುವುದರಿಂದ ದುರ್ಬಲವಾದದ್ದು ಇಲ್ಲಿ ಬಂದ್ ಆಗುತ್ತದೆ. ಪರದೆಯ ಮೇಲಿನ ವೋಲ್ಟೇಜ್ ಅಂಕಿಗಳು ಮದರ್‌ಬೋರ್ಡಿನ ಅಂದಾಜು, ಅನುಮಾನ ಬಂದರೆ ಮೀಟರ್ ಹಿಡಿಯಿರಿ. ಓಡುತ್ತಿರುವಾಗಲೇ ಹಿಂದಿನ ಗಾಳಿಗೆ ಕೈ ಒಡ್ಡಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಹಿಂದೆಳೆದುಕೊಳ್ಳುವಷ್ಟು ಬಿಸಿ ಇದ್ದರೆ, ಪ್ಲಾಸ್ಟಿಕ್ ವಾಸನೆ ಬಂದರೆ, ಟಿಕ್ ಟಿಕ್ ಸದ್ದು ಕೇಳಿದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಅದೇ ದಿನ ಅಂಗಡಿಗೆ ಹೋಗಿ. ವಾಪಸ್ ಪಡೆಯುವ ಅವಧಿ ಮುಗಿಯುವವರೆಗೆ ಪೆಟ್ಟಿಗೆ, ಥರ್ಮೊಕೋಲು, ಬಳಸದ ಕೇಬಲ್ ಯಾವುದನ್ನೂ ಎಸೆಯಬೇಡಿ.